ಗೋಡೆಯ ಮೇಲಿನ ನೌನ್‌ಗಳು

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ಸೀಮೆಸುಣ್ಣ ಹುಡುಕುತ್ತವೆ.

ಆಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ಪೈಪೋಟಿಗೆ ಬಿದ್ದಂತೆ ಏಳುತ್ತಿದ್ದವು. ಅಂಥ ಒಂದರ ನಾಲ್ಕನೇ ಮಹಡಿಯಲ್ಲಿ ಅವ್ವ ಗಾರೆ ಹೊರುತ್ತಿದ್ದಳು. ಮನುಷ್ಯರದಾಗಲಿ, ಊರಿನದಾಗಲಿ, ವಸ್ತುವಿನದಾಗಲಿ, ಹೆಸರೆಂದರೆ ನೌನ್ ಎಂದು ಒಂದು ದಿನ ಇಂಗ್ಲಿಷ್ ಟೀಚರ್ ಹೇಳಿಕೊಟ್ಟರು. ಅಂದು ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡಿಬಂದು ಇಟ್ಟಿಗೆ, ಬಕೆಟ್, ಏಣಿ, ಕಂಡದ್ದರ ಮೇಲೆಲ್ಲ ಅದರ ಇಂಗ್ಲಿಷ್ ಹೆಸರು ಬರೆದೆ. ಲಂಗವೆಲ್ಲ ಸುಣ್ಣವಾಗಿತ್ತು.

“ಅವ್ವಾ, ನಿನ್ನ ಹೆಸರೂ ನೌನ್!” ಎಂದು ಕೂಗಿದೆ.

ಅವ್ವ ತಲೆಯ ಮೇಲಿನ ಬುಟ್ಟಿ ಇಳಿಸಿದಳು. “ಹೌದೇನು? ಬರಿ ನೋಡೂಣು.”

ಇಟ್ಟಿಗೆ ಗೋಡೆಯ ಮೇಲೆ ನನ್ನಷ್ಟೆತ್ತರದ ಅಕ್ಷರಗಳಲ್ಲಿ ಬರೆದು, ಕುಣಿಯುತ್ತ ಓದಿದೆ: “ನಿಂಗಮ್ಮ!”

ಅದೇ ಗೋಡೆಗೆ ಗಾರೆ ಮೆತ್ತಿ ಗಿಲಾವು ಮಾಡಲು ಕರಣಿ ಹಿಡಿದು ಬಂದ ಮೇಸ್ತ್ರಿ ಕಾಕಾ ನಿಂತುಬಿಟ್ಟ. ನಮ್ಮ ಕಡೆಯವನೇ. ವರ್ಷದಿಂದ ಅವ್ವನನ್ನು “ಏ ಬುಟ್ಟಿ” ಎಂದೇ ಕರೆಯುತ್ತಿದ್ದ.

“ನಿನ್ನ ಹೆಸರು ನಿಂಗಮ್ಮ ಏನು? ನನಗ ಗೊತ್ತೇ ಇರಲಿಲ್ಲ ನೋಡವಾ,” ಎಂದ. ಆಮೇಲೆ ಕೈಯಲ್ಲಿದ್ದ ಕರಣಿ ನೋಡಿಕೊಂಡ. “ಈ ಗೋಡಿ ಇವತ್ತ ಮುಗೀಬೇಕಲ್ಲ.”

“ಬ್ಯಾಡ್ರಿ ಕಾಕಾ!” ನಾನು ಕೈ ಚಾಚಿ ಅಡ್ಡ ನಿಂತೆ.

ಅವ್ವ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಗಾರೆಯ ಬುಟ್ಟಿಯನ್ನು ತಾನೇ ಎತ್ತಿ ಅವನ ಮುಂದಿಟ್ಟಳು.

“ದಪ್ಪಗೆ ಹಚ್ರಿ ಮೇಸ್ತ್ರಿ,” ಅಂದಳು. “ಇನ್ನ ಯಾರಿಗೂ ಅಳಸಾಕ ಬರಬಾರದು.”