ತೊಂಬತ್ತೇಳು ಗಜ

"ಕೂತ್ಕೊಳ್ರೀ, ನನ್ನ ಮಗ ಕಾಣ್ತಿಲ್ಲ!" ಎಂದು ವರ್ನಾ ಕೂಗಿದ್ದು ಅಮೆರಿಕನ್ ಫುಟ್‌ಬಾಲ್ ನೋಡಬಂದ ಅರವತ್ತು ಸಾವಿರ ಜನರ ಗದ್ದಲದಲ್ಲಿ ಮುಳುಗಿಹೋಯಿತು. ಚೆಂಡನ್ನು ಅವುಚಿಕೊಂಡು ಓಡಿದ, ಮಗನ ತಂಡದ ಕೀನನ್ ಮೈದಾನದ ಆ ತುದಿ ಮುಟ್ಟಿದ್ದ. ತೊಂಬತ್ತೇಳು ಗಜ, ತಂಡದ ಚರಿತ್ರೆಯಲ್ಲೇ ಅತಿ ಉದ್ದದ ಓಟ. ಅವನಿಗೆ ದಾರಿ ಬಿಡಿಸಲು ಎದುರಾಳಿಗಳಿಬ್ಬರಿಗೆ ಎದೆಗೊಟ್ಟ ಅವಳ ಮಗ ಡಾರ್ನೆಲ್ ಈ ತುದಿಯಲ್ಲಿ, ಅವರಡಿಯಲ್ಲಿ ಬಿದ್ದಿದ್ದ. ಅವನು ಎದ್ದನೋ ಇಲ್ಲವೋ, ಮುಂದಿನ ಸಾಲಿನ ಬೆನ್ನುಗಳು ನೋಡಗೊಡಲಿಲ್ಲ.

ದೊಡ್ಡ ಪರದೆಯಲ್ಲಿ ಆ ಓಟವನ್ನು ಮೂರು ಸಲ ತೋರಿಸಿದರು. ಮೂರು ಸಲವೂ ಡಾರ್ನೆಲ್ ಬಿಡಿಸಿಕೊಟ್ಟ ಸಂದಿಯಿಂದ ಕೀನನ್ ಹೊರಬಿದ್ದ ಮೇಲಿನದ್ದೇ. ಮಗ ಆಡತೊಡಗಿದ ಒಂಬತ್ತು ವರ್ಷದಿಂದ ಇದೇ ಹಣೆಬರಹ. "ಒಂಚೂರು ಹಿಂದಿನಿಂದ ತೋರಿಸಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದು ವರ್ನಾ ಪರದೆಗೇ ಬೈದಳು.

ಎಲ್ಲರೂ ಕೂತ ಮೇಲೆ ಡಾರ್ನೆಲ್ ಕಂಡ. ಎದ್ದಿದ್ದ. ಚೆಂಡು ಹೀಗೆ ತುದಿ ಮುಟ್ಟಿ ಟಚ್‌ಡೌನ್ ಆದಮೇಲೆ, ಇನ್ನೊಂದು ಅಂಕಕ್ಕಾಗಿ ಅದನ್ನು ಒದೆಯುವಾಗಲೂ ಎದುರಾಳಿಗಳಿಗೆ ಅವನೇ ಅಡ್ಡ ನಿಲ್ಲಬೇಕು, ಅದೂ ಆ ತುದಿಯಲ್ಲಿ. ಮುನ್ನೂರು ಪೌಂಡಿನ ಮೈ ಹೊತ್ತು, ಎಡಗಾಲು ಎಳೆಯುತ್ತ, ಉಳಿದವರೆಲ್ಲ ಬಿಟ್ಟುಹೋದ ಹುಲ್ಲಿನ ಮೇಲೆ ಒಬ್ಬನೇ ಓಡುತ್ತಿದ್ದ. ವರ್ನಾ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದಳು.

ಮುಂದಿನ ಸಾಲಿನ ಮುದುಕ ಬಿಯರ್ ಲೋಟ ಹಿಡಿದೇ ತಿರುಗಿದ. "ಏನಮ್ಮಾ, ಈಗ ಎಚ್ಚರ ಆಯ್ತಾ? ಓಟ ಆಗಲೇ ಮುಗೀತಲ್ಲ!"

"ಎಲ್ಲಿ ಮುಗೀತು ಸ್ವಾಮಿ?" ಎಂದಳು ವರ್ನಾ, ಮೈದಾನದಿಂದ ಕಣ್ಣು ಕೀಳದೆ. "ನನ್ನ ಮಗ ಇನ್ನೂ ನಲವತ್ತು ಗಜ ಓಡ್ಬೇಕು."