ಸವಣೂರಾಕಿಯ ಎಲೆ

ವೀಳ್ಯದೆಲೆ ಬಾಯಿಗೆ ಹಾಕಿದ್ದೇ ತಡ, ಶೈಲಾಳ ದವಡೆ ನಿಂತಿತು. ಸವಣೂರಿನ ಎಲೆ ಹೀಗೆ ಹಲ್ಲಿಗೆ ಸಿಕ್ಕುವುದಿಲ್ಲ, ಕರಗುತ್ತದೆ. ತವರಿನಿಂದ ಎಲೆಯ ಕಟ್ಟು ತಂದಿದ್ದ ತಮ್ಮ ಮಾಲತೇಶನತ್ತ ಬಾಗಿ ಪಿಸುಗುಟ್ಟಿದಳು. "ಇದು ನಮ್ಮ ತ್ವಾಟದ್ದಲ್ಲ. ಖರೇ ಹೇಳು."

"ಬಳ್ಳಿ ಎಲ್ಲಾ ಕಿತ್ತು ಗೋವಿನಜ್ವಾಳ ಹಾಕೇವಿ, ಅಕ್ಕ. ಬರಿಗೈಲೆ ಹೆಂಗ ಬರ್ಲಿ? ಇಲ್ಲೇ ನಿಮ್ಮ ತಿಳವಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ತಗೊಂಡೆ," ಎಂದ, ತಲೆ ಎತ್ತದೆ.

ಅಷ್ಟರಲ್ಲಿ ಪಡಸಾಲೆಯಲ್ಲಿದ್ದ ಅತ್ತೆ ಕೈ ಚಾಚಿದರು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಶೈಲಾಳನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಅವಳು ಸವಣೂರಾಕಿ. ಸುಣ್ಣ ಸವರಿ ಎಲೆ ಮಡಚಿಕೊಟ್ಟಳು. ಅತ್ತೆ ಕಣ್ಣು ಮುಚ್ಚಿ ಅಗಿದರು.

"ಏನ ಅನ್ನು ಸವಣೂರಾಕಿ, ನಿಮ್ಮೂರ ಎಲಿ ರುಚಿ ಮತ್ತ್ಯಾವ ಊರಿನ ಎಲಿಗೂ ಬರಂಗಿಲ್ಲ ನೋಡು."

ಬಾಯಲ್ಲಿದ್ದ ನಾರನ್ನು ನುಂಗಲೂ ಆಗದೆ, ಉಗುಳಲೂ ಆಗದೆ ಶೈಲಾ ಹೇಳಿದಳು. "ಹೌದ್ರಿ, ಅತ್ತಿ."