ಮುಂದೆ ಹೊರಟ ಅರ್ಧ

"ನಿಮ್ಮ ಬೋಗಿ ಇವತ್ತು ಮುಂದಿದೆ ಕಣ್ರೀ, ಓಡ್ರೀ!" ಎಂದು ಪ್ಲಾಟ್‌ಫಾರ್ಮಿನ ಅಂಗಡಿಯವಳು ಕೂಗಿದಾಗ ವೀಬ್ಕೆ ಥಟ್ಟನೆ ರೈಲಿನತ್ತ ತಿರುಗಿದಳು. ಈ ಸ್ಟೇಷನ್ನಿನಲ್ಲಿ ರೈಲು ಎರಡು ಭಾಗವಾಗಿ ಬೇರೆ ಬೇರೆ ದಾರಿ ಹಿಡಿಯುತ್ತದೆ. ಅವಳ ಊರಿಗೆ ಹೋಗುವ ಅರ್ಧ ಎಂದೂ ಹಿಂದಿರುತ್ತಿತ್ತು, ತಡವಾಗಿ ಹೊರಡುತ್ತಿತ್ತು. ಅದನ್ನೇ ನಂಬಿ ಪ್ರತಿಸಲದಂತೆ ಮಗಳನ್ನು ಸೀಟಿನಲ್ಲಿ ಕೂರಿಸಿ ತಿನ್ನಲು ಬ್ರೆಟ್ಸೆಲ್ ಬ್ರೆಡ್ಡು ತರಲು ಇಳಿದಿದ್ದಳು. ಬೋಗಿಗಳು ಇಂದು ಹಿಂದುಮುಂದಾಗಿವೆ ಎಂಬ ಪ್ರಕಟಣೆ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಓಡಿಹೋಗಿ ಬಾಗಿಲ ಗುಂಡಿ ಒತ್ತಿದಳು. ಅದರ ಹಸಿರು ದೀಪ ಆರಿಹೋಗಿತ್ತು, ಬಾಗಿಲು ತೆರೆಯಲಿಲ್ಲ. ಪಕ್ಕದ ಕಿಟಕಿಯ ಹಿಂದೆ ಆರು ವರ್ಷದ ಯೆಟ್ಟೆ ಕೂತಿದ್ದಳು. ಎದುರು ಸೀಟಿನ ಗಡ್ಡದ ಗಂಡಸು ಎದ್ದು, ಕಿಟಕಿಯ ಮೇಲಿನ ಸಂದಿಯಿಂದ ಕೂಗಿದ: "ಮುಂದಿನ ಸ್ಟೇಷನ್ನಲ್ಲಿ ಇವಳನ್ನ ಇಳಿಸ್ಕೊಂಡು ಕಾಯ್ತಿರ್ತೀನಿ! ನೀವು ಆಮೇಲೆ ಬರೋ ಗಾಡಿಗೆ ಬನ್ನಿ!"

ಅವನು ಕೈ ಚಾಚಿದ. ಯೆಟ್ಟೆ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. "ಗೊತ್ತಿಲ್ಲದೋರ ಜೊತೆ ನಾನು ಹೋಗಲ್ಲ. ಅಲ್ವಾ ಮಮ್ಮಾ?"

ರೈಲು ಅಲುಗಿತು. ವೀಬ್ಕೆ ಆ ಗಂಡಸಿನ ಮುಖ ನೋಡಿದಳು. ಅವನು ನಗುತ್ತಿದ್ದ. ಕಿಟಕಿಯ ಜೊತೆಜೊತೆಗೇ ಓಡುತ್ತ ಅವಳು ಕೂಗಿದಳು: "ಪರವಾಗಿಲ್ಲ ಪುಟ್ಟಿ, ಹೋಗು! ಇವರ ಕೈ ಹಿಡ್ಕೋ! ಇವರು ಒಳ್ಳೆಯೋರು!"

ಯೆಟ್ಟೆ ಸರಳು ಬಿಟ್ಟು ಅವನ ಕೈ ಹಿಡಿದಳು. "ನಮ್ಮ ಮಮ್ಮ ನಿಮಗೆ ಗೊತ್ತಾ?" ಎಂದು ಕೇಳಿದ್ದು ವೀಬ್ಕೆಗೆ ಕೇಳಿಸಿತು. ಅವನು ಕೊಟ್ಟ ಉತ್ತರ ಕೇಳಿಸಲಿಲ್ಲ.